ಮಾಸ್ಟರ್ ಬೆಡ್‌ರೂಮಿನ ಮಾಸ್ಟರ್ ಯಾರು?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಬಂದಾಗಿನಿಂದ ಟೆಕ್ಸಸ್‌ನ ಶುಗರ್‌ಲ್ಯಾಂಡ್‌ನಲ್ಲಿದ್ದೇನೆ. ಮನೆ ಮಾರಾಟದ ಏಜೆಂಟ್ ಆಗಲು ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಮೊದಲ ಮನೆಯ ಜಾಹೀರಾತು ಬರೆಯುತ್ತಿದ್ದೆ. ‘ಮಾಸ್ಟರ್ ಬೆಡ್‌ರೂಮ್ ಕೆಳಗಡೆಯೇ ಇದೆ’ ಎಂದು ಬರೆದದ್ದನ್ನು ನೋಡಿ ಹೈಸ್ಕೂಲಿನಲ್ಲಿರುವ ಮಗಳು, ‘ಅಮ್ಮ, ಅದು ಗುಲಾಮರ ಒಡೆಯ ಮಲಗುತ್ತಿದ್ದ ಕೋಣೆಯ ಹೆಸರು, ಅದನ್ನು ಬರೀಬೇಡ’ ಎಂದಳು. ಆಫೀಸಿನ ಹಿರಿಯರೊಬ್ಬರನ್ನು ಕೇಳಿದರೆ, ‘ಅದೆಲ್ಲ ಸುಳ್ಳು. 1926ರಲ್ಲಿ ಸಿಯರ್ಸ್ ಕಂಪನಿ ತನ್ನ ಕ್ಯಾಟಲಾಗಿನಲ್ಲಿ ಹುಟ್ಟುಹಾಕಿದ ಪದ’ ಎಂದರು. ಮನೆ ಮಾರುವವರು ‘ಹಳೆಯ ಪದವೇ ಇರಲಿ, ಜನ ಹುಡುಕುವುದು ಅದನ್ನೇ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುತ್ತಿರುವ ತಮ್ಮನಿಗೆ ಇದನ್ನು ಹೇಳಿದರೆ ನಗುತ್ತಾನೆ. ಯಾರ ಮಾತು ಸರಿ? ಬರೆದರೆ ಕಾನೂನಿನ ತೊಂದರೆ ಇದೆಯಾ? ಬರೆಯದಿದ್ದರೆ ಬದಲಿಗೆ ಏನು ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಈ ಪದ ಎಲ್ಲಿಂದ ಬಂತು ಎನ್ನುವುದು ಒಂದು. ಇವತ್ತು ಅದನ್ನು ಬಳಸಬೇಕೇ ಎನ್ನುವುದು ಇನ್ನೊಂದು. ಮೊದಲನೆಯದು ಬಗೆಹರಿದರೆ ಎರಡನೆಯದೂ ತಾನಾಗಿ ಬಗೆಹರಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪದಗಳ ಚರಿತ್ರೆ ಹುಡುಕುವುದೇ ನನ್ನ ಕೆಲಸ. ಇಂಥ ಪ್ರಶ್ನೆಗಳು ನನಗೆ ಆಗಾಗ ಬರುತ್ತವೆ. ಬಹುಪಾಲು ಸಲ ಜಗಳ ಶುರುವಾಗುವುದೇ ಈ ಎರಡನ್ನು ಒಂದೇ ಎಂದು ತಿಳಿದಾಗ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಗಳು ಹೇಳಿದ ಕತೆಗೆ ದಾಖಲೆಯ ಆಧಾರ ಇಲ್ಲ. ಆಫೀಸಿನ ಹಿರಿಯರು ಹೇಳಿದ ವರ್ಷ ಸುಮಾರಾಗಿ ಸರಿ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯನ ಕಾಲದಲ್ಲಿ ಈ ಹೆಸರು ಹುಟ್ಟಲಿಲ್ಲ. ಸಂಬಳಕ್ಕೆ ಮನೆಗೆಲಸದವರನ್ನು ಇಟ್ಟುಕೊಂಡಿದ್ದ ಯಜಮಾನನ ಕಾಲದಲ್ಲಿ ಹುಟ್ಟಿತು. ಈ ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಪದದ ನಿಜವಾದ ಕತೆ ಇರುವುದು ಇದರಲ್ಲೇ.

ಗುಲಾಮಗಿರಿಯ ಕಾಲದ ಅಮೆರಿಕದ ಮನೆಗಳ ಬಗ್ಗೆ ನಮಗೆ ಸಾಕಷ್ಟು ಗೊತ್ತು. ಆಸ್ತಿವಂತ ಸತ್ತರೆ ಅವನ ಮನೆಯ ಸಾಮಾನನ್ನು ಎಷ್ಟೋ ಸಲ ಕೋಣೆಕೋಣೆಯಾಗಿ ಪಟ್ಟಿ ಮಾಡಿ ಕೋರ್ಟಿಗೆ ಕೊಡುತ್ತಿದ್ದರು. ಹಾಲ್‌ನಲ್ಲಿ ಇಷ್ಟು ಕುರ್ಚಿ, ಪಾರ್ಲರಿನಲ್ಲಿ ಇಂಥ ಮೇಜು, ಚೇಂಬರಿನಲ್ಲಿ ಇಷ್ಟು ಹಾಸಿಗೆ ಅಂತ. ಹಾಗಾಗಿ ಆಗ ಯಾವ ಕೋಣೆಗೆ ಏನು ಹೆಸರಿತ್ತು ಎನ್ನುವುದಕ್ಕೆ ಊಹೆ ಬೇಕಿಲ್ಲ. ವರ್ಜೀನಿಯಾದ 18ನೇ ಶತಮಾನದ ಮನೆಗಳಲ್ಲಿ ಗಂಡಹೆಂಡತಿ ಮಲಗುವ ಕೋಣೆಗೆ ಬರೀ ‘ಚೇಂಬರ್’ ಎನ್ನುತ್ತಿದ್ದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 14ರಂದು ತನ್ನ ಮನೆ ಮೌಂಟ್ ವರ್ನನ್‌ನಲ್ಲಿ ಪ್ರಾಣ ಬಿಟ್ಟ ಕೋಣೆಯನ್ನು ಇವತ್ತಿಗೂ ಬೆಡ್‌ಚೇಂಬರ್ ಎಂದೇ ಕರೆಯುತ್ತಾರೆ. ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ಮನೆ ಮಾಂಟಿಚೆಲ್ಲೊದಲ್ಲಿ ಅವನ ಹಾಸಿಗೆ ಗೋಡೆಯ ನಡುವಿನ ಗೂಡಿನಲ್ಲಿತ್ತು. ಒಂದು ಕಡೆ ಇಳಿದರೆ ಬೆಡ್‌ಚೇಂಬರ್, ಇನ್ನೊಂದು ಕಡೆ ಇಳಿದರೆ ಓದುಬರಹದ ಕೋಣೆ. ಈ ಇಬ್ಬರೂ ನೂರಾರು ಗುಲಾಮರ ಒಡೆಯರು. ‘ಮಾಸ್ಟರ್ ಬೆಡ್‌ರೂಮ್’ ಎನ್ನುವ ಹೆಸರು ಎಲ್ಲಾದರೂ ಇರಬೇಕಿದ್ದರೆ ಇಂಥ ಮನೆಗಳಲ್ಲೇ ಇರಬೇಕಿತ್ತು, ಅಲ್ವಾ? ಇಲ್ಲ.

ಗುಲಾಮರಾಗಿದ್ದವರು ತಾವೇ ಬರೆದ, ಇಲ್ಲವೇ ಮುಂದೆ ಹೇಳಿ ಬರೆಸಿದ ಆತ್ಮಕಥನಗಳಲ್ಲಿ ‘ಮಾಸ್ಟರ್’ ಪುಟಪುಟದಲ್ಲೂ ಬರುತ್ತಾನೆ. ಅಲ್ಲಿ ಅವನು ಮನುಷ್ಯ. ಅವನ ಇಡೀ ಮನೆಗೆ ‘ಬಿಗ್ ಹೌಸ್’ ಅಥವಾ ‘ಗ್ರೇಟ್ ಹೌಸ್’ ಎನ್ನುತ್ತಾರೆ. ಒಡೆಯನ ಕೋಣೆ ಎನ್ನುವ ಅರ್ಥದಲ್ಲಿ ಎರಡು ಪದ ಅಕ್ಕಪಕ್ಕ ಬಂದಿರಬಹುದು. ಅದು ಮಾತಿನಲ್ಲಿ ಸಹಜ. ಆದರೆ ನಕ್ಷೆಯ ಮೇಲೆ, ಪಟ್ಟಿಯಲ್ಲಿ, ಒಂದು ಬಗೆಯ ಕೋಣೆಗೆ ಅಂಟಿದ ಹೆಸರಾಗಿ ಅದು ಆಗ ಇರಲಿಲ್ಲ. ‘ಬೆಡ್‌ರೂಮ್’ ಎನ್ನುವುದೇ ಕೋಣೆಯ ಹೆಸರಾಗಿ ನಿಧಾನಕ್ಕೆ ಬೆಳೆದದ್ದು. ಷೇಕ್ಸ್‌ಪಿಯರ್ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಈ ಪದ ಬಳಸಿದಾಗ ಅದರ ಅರ್ಥ ಹಾಸಿಗೆಯ ಮೇಲೆ ಮಲಗಲು ಜಾಗ ಎಂದಷ್ಟೇ.

ಇನ್ನು ‘ಮಾಸ್ಟರ್’. ಈ ಪದ ಗುಲಾಮಗಿರಿಗಿಂತ ಬಹಳ ಹಿಂದಿನದು. ಲ್ಯಾಟಿನ್‌ನ ‘ಮಗಿಸ್ಟರ್’ ಇದರ ಮೂಲ. ಅದರೊಳಗಿರುವ ‘ಮಗಿಸ್’ ಎಂದರೆ ‘ಹೆಚ್ಚು’. ಹೆಚ್ಚು ತಿಳಿದವನು, ಹೆಚ್ಚು ಅಧಿಕಾರ ಉಳ್ಳವನು. ಇದಕ್ಕೆ ಎದುರು ಪದ ‘ಮಿನಿಸ್ಟರ್’, ಕಡಿಮೆಯವನು, ಸೇವಕ. ಹಳೆಯ ಇಂಗ್ಲಿಷಿಗೆ ಇದು ನೇರವಾಗಿ ಲ್ಯಾಟಿನ್‌ನಿಂದ ಬಂತು, ಆಮೇಲೆ ಹಳೆಯ ಫ್ರೆಂಚ್‌ನಿಂದಲೂ ಬಂದು ಗಟ್ಟಿಯಾಯಿತು. ಶಾಲೆ ಕಲಿಸುವವನು ಮಾಸ್ಟರ್, ಹಡಗು ನಡೆಸುವವನು ಮಾಸ್ಟರ್, ಕಸುಬಿನಲ್ಲಿ ಪಳಗಿ ಬೇರೆಯವರಿಗೆ ಕಲಿಸಬಲ್ಲ ಕಲ್ಲುಕುಟಿಗ ಮಾಸ್ಟರ್.

ಈ ಬೇರು ನಮ್ಮ ಕನ್ನಡದಲ್ಲೂ ಇದೆ. ನಿಮ್ಮ ಧಾರವಾಡದ ಕಡೆಯ ‘ಮಾಸ್ತರ’, ಮೈಸೂರು ಕಡೆಯ ‘ಮೇಷ್ಟ್ರು’ ಇಂಗ್ಲಿಷಿನ ಮಾಸ್ಟರ್‌ನಿಂದ ಬಂದವು. ಮನೆ ಕಟ್ಟುವ ‘ಮೇಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದವನು. ಆ ಮೆಸ್ತ್ರೆಯೂ ಮಗಿಸ್ಟರ್‌ನ ಮಗನೇ. ಅಂದರೆ ಊರಿನ ಮೇಷ್ಟ್ರು, ಗಾರೆಯ ಮೇಸ್ತ್ರಿ, ನಿಮ್ಮ ಜಾಹೀರಾತಿನ ಮಾಸ್ಟರ್ ಮೂವರೂ ಒಂದೇ ವಂಶ. ಆದ್ದರಿಂದ ‘ಮಾಸ್ಟರ್’ ಎಂದ ತಕ್ಷಣ ಗುಲಾಮಗಿರಿ ಎನ್ನುವುದು ತಪ್ಪು. ಮಾಸ್ಟರ್ಸ್ ಡಿಗ್ರಿಯಲ್ಲಿ, ಮಾಸ್ಟರ್‌ಪೀಸ್‌ನಲ್ಲಿ ಯಾರೂ ಯಾರ ಒಡೆಯರೂ ಅಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿ ‘ನೋಡಿ, ಎಲ್ಲ ಶುದ್ಧವಾಗಿದೆ’ ಎಂದರೆ ಅದೂ ಅರ್ಧಸತ್ಯ. ಒಂದು ಪದಕ್ಕೆ ಹತ್ತು ಅರ್ಥ ಇದ್ದಾಗ ಬೆಡ್‌ರೂಮಿನ ಮುಂದೆ ಬಂದು ಕೂತದ್ದು ಯಾವ ಅರ್ಥ ಎಂದು ಕೇಳಬೇಕು. ಮೇಷ್ಟ್ರ ಅರ್ಥ ಅಲ್ಲ, ಪಳಗಿದ ಕಸುಬುದಾರನ ಅರ್ಥವೂ ಅಲ್ಲ.

20ನೇ ಶತಮಾನದ ಮೊದಲ ದಶಕಗಳ ಅಮೆರಿಕದ ವಾಸ್ತುಶಿಲ್ಪ ಪತ್ರಿಕೆಗಳನ್ನು, ಪೇಪರಿನ ಮನೆ ಜಾಹೀರಾತುಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಶ್ರೀಮಂತರ ಮನೆಗಳ ವಿವರದಲ್ಲಿ ‘ಐದು ಮಾಸ್ಟರ್ ಬೆಡ್‌ರೂಮ್, ಮೂರು ಸರ್ವೆಂಟ್ ರೂಮ್’ ಎನ್ನುವ ಥರದ ಸಾಲುಗಳು ಮತ್ತೆ ಮತ್ತೆ ಬರುತ್ತವೆ. ಐದು! ಇವತ್ತಿನ ಅರ್ಥದಲ್ಲಿ ಒಂದು ಮನೆಗೆ ಒಂದೇ ಮಾಸ್ಟರ್ ಬೆಡ್‌ರೂಮ್. ಆಗ ಹಾಗಿರಲಿಲ್ಲ. ಮನೆಯ ಕುಟುಂಬದವರು, ಅತಿಥಿಗಳು ಮಲಗುವ ಕೋಣೆಗಳೆಲ್ಲ ಮಾಸ್ಟರ್ ಬೆಡ್‌ರೂಮ್‌ಗಳೇ. ಅಡುಗೆಯವರು, ಕೆಲಸದ ಹುಡುಗಿಯರು, ಡ್ರೈವರ್ ಮಲಗುವ ಸಣ್ಣ ಕೋಣೆಗಳು ಸರ್ವೆಂಟ್ ರೂಮ್‌ಗಳು. ಆ ಕೋಣೆಗಳು ಅಡುಗೆಮನೆಯ ಹಿಂದೆ, ಅಟ್ಟದಲ್ಲಿ, ಇಲ್ಲವೇ ಗ್ಯಾರೇಜಿನ ಮೇಲೆ ಇರುತ್ತಿದ್ದವು. ಬಹಳ ಮನೆಗಳಲ್ಲಿ ಅವರಿಗೆ ಮೆಟ್ಟಿಲು ಕೂಡ ಬೇರೆ. ಇಂಗ್ಲೆಂಡಿನ ಕಾನೂನಿನಲ್ಲೂ ಕೆಲಸ ಕೊಡುವವನು, ಕೆಲಸ ಮಾಡುವವನು ಎನ್ನುವುದಕ್ಕೆ ‘ಮಾಸ್ಟರ್ ಮತ್ತು ಸರ್ವೆಂಟ್’ ಎಂದೇ ಹೇಳುತ್ತಿದ್ದರು. ಆ ಜೋಡಿಯೇ ಮನೆಯ ನಕ್ಷೆಯ ಮೇಲೆ ಇಳಿಯಿತು. ಪದ ಹುಟ್ಟಿದ ಜಾಗ ಇದು.

ಈ ಬಹುವಚನವನ್ನು ನಾನು ಮುಖ್ಯ ಸಾಕ್ಷಿ ಎಂದು ಇಟ್ಟುಕೊಳ್ಳುತ್ತೇನೆ. ಮಾಸ್ಟರ್ ಎಂದರೆ ಮನೆಯ ಒಬ್ಬ ಗಂಡಸು ಎಂದಾಗಿದ್ದರೆ ಐದು ಕೋಣೆಗೆ ಆ ಹೆಸರು ಬರುತ್ತಿರಲಿಲ್ಲ. ‘ದೊಡ್ಡದು’, ‘ಮುಖ್ಯವಾದದ್ದು’ ಎನ್ನುವ ಅರ್ಥ ಮಾತ್ರ ಆಗಿದ್ದರೂ ಬರುತ್ತಿರಲಿಲ್ಲ.

ಈಗ ಸಿಯರ್ಸ್ ವಿಷಯ. ಸಿಯರ್ಸ್, ರೋಬಕ್ ಕಂಪನಿ 1908ರಿಂದ 1940ರವರೆಗೆ ಕ್ಯಾಟಲಾಗಿನ ಮೂಲಕ ಮನೆಗಳನ್ನೇ ಮಾರುತ್ತಿತ್ತು. ನೀವು ನಕ್ಷೆ ಆರಿಸಿ ದುಡ್ಡು ಕಟ್ಟಿದರೆ ಮರ, ಬಾಗಿಲು, ಕಿಟಕಿ, ಮೊಳೆ, ಬಣ್ಣ ಎಲ್ಲ ರೈಲಿನಲ್ಲಿ ಬರುತ್ತಿತ್ತು. ಜೋಡಿಸುವ ವಿಧಾನದ ಪುಸ್ತಕವೂ ಜೊತೆಗೆ. ಹೀಗೆ 70,000ಕ್ಕೂ ಹೆಚ್ಚು ಮನೆಗಳು ಮಾರಾಟವಾದವು ಎಂದು ಅಂದಾಜು. ಅದರ 1926ರ ಕ್ಯಾಟಲಾಗಿನಲ್ಲಿ ಡಚ್ ಶೈಲಿಯ ಒಂದು ದುಬಾರಿ ಮನೆಯ ವಿವರದಲ್ಲಿ ಈ ಪದ ಇದೆ. 2020ರಲ್ಲಿ ಈ ಪದ ಬಳಸಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ಕಾವೇರಿದಾಗ ಬಹಳ ಪತ್ರಿಕೆಗಳು ಇದನ್ನೇ ‘ಮೊದಲ ಬಳಕೆ’ ಎಂದು ಬರೆದವು. ಅಲ್ಲಿಂದ ಅದು ನಿಮ್ಮ ಆಫೀಸಿಗೂ ಬಂದಿದೆ. ‘ಮಾಸ್ಟರ್ಸ್ ಬೆಡ್‌ರೂಮ್’ ಎನ್ನುವ ರೂಪ ಅದಕ್ಕೂ ಮೊದಲೇ ನಕ್ಷೆಗಳಲ್ಲಿತ್ತು. ಸಿಯರ್ಸ್ ಪದವನ್ನು ಹುಟ್ಟಿಸಲಿಲ್ಲ. ಬಂಗಲೆಗಳ ಪದವನ್ನು ಎತ್ತಿ ಮಧ್ಯಮ ವರ್ಗದವರ ಕೈಗೆ ಕೊಟ್ಟಿತು. ಮನೆಗೆಲಸದವರೇ ಇಲ್ಲದ ಕುಟುಂಬಕ್ಕೂ ಆ ಹೆಸರಿನಲ್ಲಿ ಒಂದು ಗತ್ತು ಸಿಕ್ಕಿತು.

ಆಮೇಲೆ ಎದುರು ಪದವೇ ಮಾಯವಾಯಿತು. 1924ರ ವಲಸೆ ಕಾನೂನು ಯುರೋಪಿನಿಂದ ಬರುವವರ ಸಂಖ್ಯೆಯನ್ನು ತೀರಾ ಇಳಿಸಿತು. ಮನೆಗೆಲಸ ಮಾಡುತ್ತಿದ್ದ ಹೆಂಗಸರಿಗೆ ಕಾರ್ಖಾನೆ, ಆಫೀಸು, ಅಂಗಡಿಗಳಲ್ಲಿ ಬೇರೆ ಕೆಲಸ ಸಿಕ್ಕಿತು. ಬಟ್ಟೆ ಒಗೆಯುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್ ಮನೆಗೆ ಬಂದವು. ನಕ್ಷೆಯಿಂದ ಸರ್ವೆಂಟ್ ರೂಮ್ ಹೋಯಿತು. ಜೊತೆಗಾರ ಹೋದ ಮೇಲೆ ‘ಮಾಸ್ಟರ್’ ಒಂಟಿಯಾಗಿ ಉಳಿದು ಹೊಸ ಅರ್ಥ ಹುಡುಕಿಕೊಂಡಿತು. ಮೊದಲು ‘ಕೆಲಸದವರದ್ದಲ್ಲದ ಕೋಣೆ’ ಎಂದಿದ್ದದ್ದು ಈಗ ‘ಎಲ್ಲಕ್ಕಿಂತ ದೊಡ್ಡ ಕೋಣೆ’ ಎಂದಾಯಿತು. ಎರಡನೇ ಮಹಾಯುದ್ಧದ ನಂತರ ಅದೇ ಕೋಣೆಗೆ ಸ್ವಂತ ಬಾತ್‌ರೂಮ್ ಅಂಟಿಕೊಂಡಿತು, ಆಮೇಲೆ ಒಳಗೆ ನಡೆದಾಡುವಷ್ಟು ದೊಡ್ಡ ಕ್ಲಾಸೆಟ್. ಇವತ್ತು ನೀವು ಮಾರುವ ಮನೆಯಲ್ಲಿ ಇರುವುದು ಈ ಕೊನೆಯ ಅರ್ಥ.

ಹಾಗಾದರೆ ಆಫೀಸಿನ ಹಿರಿಯರ ಮಾತಿನಲ್ಲಿ ತಪ್ಪೇನು? ‘1865ಕ್ಕೆ ಗುಲಾಮಗಿರಿ ಮುಗಿಯಿತು, ಪದ ಬಂದದ್ದು ಆಮೇಲೆ, ಆದ್ದರಿಂದ ಜನಾಂಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ’ ಎನ್ನುವುದು ಅವರ ತರ್ಕ. ಆದರೆ 1920ರ ದಶಕದಲ್ಲಿ ಮನೆಗೆಲಸದವರು ಯಾರಾಗಿದ್ದರು ಎಂದು ಕೇಳಿ ನೋಡಿ. ನ್ಯೂಯಾರ್ಕ್ ಕಡೆ ಐರ್ಲೆಂಡಿನಿಂದ, ಯುರೋಪಿನ ಬೇರೆ ದೇಶಗಳಿಂದ ಬಂದ ಹುಡುಗಿಯರೂ ಇದ್ದರು. ದಕ್ಷಿಣದ ರಾಜ್ಯಗಳಲ್ಲಿ, ನಿಮ್ಮ ಟೆಕ್ಸಸ್‌ನಲ್ಲೂ, ಆ ಕೆಲಸ ಹೆಚ್ಚಾಗಿ ಕಪ್ಪು ಹೆಂಗಸರದ್ದು. ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು. ಬೇರೆ ಕೆಲಸಗಳ ಬಾಗಿಲು ಅವರಿಗೆ ಮುಚ್ಚಿತ್ತು.

ಅದೇ ಕಾಲದ ಕ್ರಯಪತ್ರಗಳನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ‘ಈ ನಿವೇಶನವನ್ನು ಬಿಳಿಯರಲ್ಲದವರಿಗೆ ಮಾರಬಾರದು, ಅವರು ಇಲ್ಲಿ ವಾಸಿಸಬಾರದು’ ಎನ್ನುವ ಷರತ್ತು ದೇಶದ ಉದ್ದಗಲಕ್ಕೂ ಇತ್ತು. ಅದರ ಹಿಂದೆಯೇ ‘ಮನೆಗೆಲಸದವರನ್ನು ಬಿಟ್ಟು’ ಎನ್ನುವ ವಿನಾಯಿತಿ. ಯುದ್ಧದ ನಂತರ, 1947ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಶುರುವಾದ ಲೆವಿಟೌನ್ ಬಡಾವಣೆಯನ್ನೇ ನೋಡಿ. ಅಲ್ಲಿನ ಮನೆ ಸುಮಾರು 750 ಚದರ ಅಡಿ. ಎರಡು ಬೆಡ್‌ರೂಮ್, ಒಂದು ಬಾತ್‌ರೂಮ್. ಕೆಲಸದವರಿಗೆ ಜಾಗವೇ ಇಲ್ಲದ ಮನೆ. ಆದರೂ ಅದರ ಬಾಡಿಗೆ ಕರಾರಿನಲ್ಲಿ ಬಿಳಿಯರಲ್ಲದವರು ವಾಸಿಸುವಂತಿಲ್ಲ, ಬಿಳಿಯರಲ್ಲದ ಮನೆಗೆಲಸದವರನ್ನು ಇಟ್ಟುಕೊಳ್ಳಬಹುದು ಎಂದು ಬರೆದಿತ್ತು. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಶೆಲ್ಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ. ವಸತಿಯಲ್ಲಿ ತಾರತಮ್ಯ ಕಾನೂನುಬಾಹಿರವಾದದ್ದು 1968ರ ಫೇರ್ ಹೌಸಿಂಗ್ ಕಾನೂನಿನಿಂದ. ನಾವು ನೀವು ಅವತ್ತು ಅಲ್ಲಿದ್ದಿದ್ದರೆ ಯಾವ ಸಾಲಿಗೆ ಸೇರುತ್ತಿದ್ದೆವು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಊರಿನದ್ದೇ ಒಂದು ಸಂಗತಿ ಹೇಳಲೇಬೇಕು. ಶುಗರ್‌ಲ್ಯಾಂಡ್‌ಗೆ ಆ ಹೆಸರು ಬಂದದ್ದೇ ಕಬ್ಬಿನಿಂದ, ಸಕ್ಕರೆಯಿಂದ. 2018ರಲ್ಲಿ ಅಲ್ಲಿ ಶಾಲೆಯ ಕಟ್ಟಡಕ್ಕೆ ನೆಲ ಅಗೆಯುವಾಗ 95 ಜನರ ಅಸ್ಥಿಗಳು ಸಿಕ್ಕವು. ಗುಲಾಮಗಿರಿ ಮುಗಿದ ಮೇಲೆ ಕೈದಿಗಳು ಎಂಬ ಹೆಸರಿನಲ್ಲಿ ಗುತ್ತಿಗೆಗೆ ಕೊಟ್ಟು ದುಡಿಸಿಕೊಂಡ ಕಪ್ಪು ಜನರ ಅಸ್ಥಿಗಳು ಅವು. ನಿಮ್ಮ ಮಗಳು ಇರುವುದು ಆ ಊರಿನಲ್ಲಿ. ಗುಲಾಮರಿಗೆ ಬಿಡುಗಡೆಯಾಯಿತು ಎಂಬ ಆಜ್ಞೆಯನ್ನು 1865ರ ಜೂನ್ 19ರಂದು ಸಾರಿದ ಗ್ಯಾಲ್ವೆಸ್ಟನ್ ಕೂಡ ನಿಮ್ಮಿಂದ ದೂರವಿಲ್ಲ. ಅವಳಿಗೆ ‘ಮಾಸ್ಟರ್’ ಎಂದ ತಕ್ಷಣ ಆ ಚಿತ್ರ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವಳು ಹೇಳಿದ ಪದಮೂಲ ತಪ್ಪು. ಅವಳ ಕಿವಿ ತಪ್ಪಲ್ಲ.

ಅವಳಿಗೆ ಇನ್ನೂ ಒಂದು ವಿಷಯ ಹೇಳಿ. ಕೋಣೆಯ ಹೆಸರಿಗೆ ಗುಲಾಮಗಿರಿಯ ನಂಟಿಲ್ಲ, ಸರಿ. ಕೋಣೆಗೆ ಇತ್ತು. ಒಡೆಯ, ಒಡತಿ ಮಂಚದ ಮೇಲೆ ಮಲಗಿದರೆ ರಾತ್ರಿ ಕರೆದಾಗ ಏಳಲು ಗುಲಾಮ ಹುಡುಗ ಅಥವಾ ಹುಡುಗಿ ಅದೇ ಕೋಣೆಯ ನೆಲದ ಮೇಲೆ ಮಲಗಬೇಕಿತ್ತು. ಇದು ಆ ಕಾಲದವರೇ ಹೇಳಿರುವ ವಿಷಯ. ಆಗ ಆ ಕೋಣೆಗೆ ಚೇಂಬರ್ ಎನ್ನುತ್ತಿದ್ದರು. ‘ಚೇಂಬರ್’ ಎನ್ನುವ ಪದದ ಬಗ್ಗೆ ಇವತ್ತು ಯಾರಿಗೂ ಬೇಸರವಿಲ್ಲ. ಹೆಸರಿನ ಚರಿತ್ರೆ ಬೇರೆ, ಜಾಗದ ಚರಿತ್ರೆ ಬೇರೆ.

‘ಇದೆಲ್ಲ 2020ರಿಂದೀಚೆಗೆ ಶುರುವಾದ ಹೊಸ ನಾಜೂಕು’ ಎಂದು ಯಾರಾದರೂ ಹೇಳಿದರೆ ‘ಬಾಸ್’ ಎನ್ನುವ ಪದದ ಕತೆ ಹೇಳಿ. ಅದು ಡಚ್ಚರ ‘ಬಾಸ್’. ಅರ್ಥ ಒಡೆಯ ಎಂದೇ. 19ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಬಿಳಿ ಕೂಲಿಯವರು, ಮನೆಗೆಲಸದವರು ತಮಗೆ ಕೆಲಸ ಕೊಟ್ಟವನನ್ನು ‘ಮಾಸ್ಟರ್’ ಎಂದು ಕರೆಯಲು ಒಪ್ಪಲಿಲ್ಲ. ಆ ಪದ ಗುಲಾಮರು ಬಳಸುವ ಪದವಾಗಿತ್ತು. ತಾವು ಗುಲಾಮರಲ್ಲ ಎಂದು ತೋರಿಸಲು ಅವರು ಡಚ್ ಪದ ಹಿಡಿದರು. ಇವತ್ತು ಬೆಂಗಳೂರಿನ ಆಟೋದಲ್ಲೂ ಕೇಳುವ ‘ಬಾಸ್’ ಆ ದಾರಿಯಲ್ಲಿ ಬಂದದ್ದು. ಅಂದರೆ ಈ ಪದ ಕಿವಿಗೆ ಚುಚ್ಚುತ್ತದೆ ಎನ್ನುವುದು ಅಮೆರಿಕದಲ್ಲಿ 200 ವರ್ಷ ಹಳೆಯ ಅನುಭವ.

ಈಗ ಕಾನೂನು. ಇದರಲ್ಲಿ ನೀವು ನಿಶ್ಚಿಂತೆಯಾಗಿರಿ. ಅಮೆರಿಕದ ವಸತಿ ಇಲಾಖೆ 1995ರ ಜನವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಜಾಹೀರಾತಿನಲ್ಲಿ ‘ಮಾಸ್ಟರ್ ಬೆಡ್‌ರೂಮ್’ ಎಂದು ಬರೆದರೆ ಅದು ಜನಾಂಗದ ತಾರತಮ್ಯವೂ ಅಲ್ಲ, ಲಿಂಗ ತಾರತಮ್ಯವೂ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ‘ಮದರ್ ಇನ್ ಲಾ ಸೂಟ್’, ‘ಬ್ಯಾಚುಲರ್ ಅಪಾರ್ಟ್‌ಮೆಂಟ್’ ಕೂಡ ಬರೆಯಬಹುದು. ಇವು ಕಟ್ಟಡದ ವಿವರ, ಯಾರು ಬರಬೇಕು ಬರಬಾರದು ಎನ್ನುವ ಮಾತಲ್ಲ ಎನ್ನುವುದು ಇಲಾಖೆಯ ನಿಲುವು. ಲಿಂಗದ ಮಾತು ಅಲ್ಲಿ ಬಂದಿರುವುದನ್ನು ಗಮನಿಸಿ. ಮಾಸ್ಟರ್ ಎಂದರೆ ಗಂಡಸು ಎನ್ನುವ ಆಕ್ಷೇಪವೂ ಆಗಲೇ ಇತ್ತು.

ಕಾನೂನಿನ ಭಯ ಇರಬೇಕಾದದ್ದು ಬೇರೆ ಕಡೆ. ನಮ್ಮವರು ಬಾಡಿಗೆಗೆ ಹಾಕುವಾಗ ‘ಇಂಡಿಯನ್ ಫ್ಯಾಮಿಲಿ ಪ್ರಿಫರ್ಡ್’ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೂ ಅದು ಜಾಹೀರಾತೇ. ಹುಟ್ಟಿದ ದೇಶದ ಆಧಾರದ ಮೇಲೆ ಆಯ್ಕೆ ಹೇಳುವುದನ್ನು ಫೇರ್ ಹೌಸಿಂಗ್ ಕಾನೂನು ನೇರವಾಗಿ ತಡೆಯುತ್ತದೆ. ‘ಮಕ್ಕಳಿಲ್ಲದವರಿಗೆ’ ಎನ್ನುವುದೂ 1988ರ ತಿದ್ದುಪಡಿಯ ನಂತರ ಸಾಮಾನ್ಯ ಮನೆಗಳಿಗೆ ನಡೆಯುವುದಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎನ್ನುವುದು ಧರ್ಮದ ಅಥವಾ ದೇಶದ ಆಯ್ಕೆಗೆ ಹಾಕಿದ ಮುಸುಕು ಎಂದು ಯಾರಾದರೂ ದೂರು ಕೊಡಬಹುದು. ಗಿರಾಕಿಗಳು ಇಂಥದ್ದನ್ನು ಬರೆಯಲು ಹೇಳಿದರೆ ನೀವು ಬರೆಯಬೇಡಿ. ಬರೆದವರಿಗೂ ಹೊಣೆ ಇದೆ.

ಇನ್ನು ಏನು ಬರೆಯುವುದು ಎನ್ನುವ ಪ್ರಶ್ನೆ. ನಿಮ್ಮ ಕೈಯಲ್ಲಿ ನಾಲ್ಕೈದು ದಾರಿ ಇವೆ. ಯಾವುದೂ ಪೂರ್ತಿ ನಿರಾಳ ಅಲ್ಲ.

ಹಳೆಯ ಪದವನ್ನೇ ಇಟ್ಟುಕೊಳ್ಳಬಹುದು. ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ಅದರ ಅಪಾಯ ಎಂದರೆ, ಓದುವವರಲ್ಲಿ ಕೆಲವರಿಗೆ ಅದು ಚುಚ್ಚುತ್ತದೆ. ಅವರು ನಿಮಗೆ ಬರೆದು ತಿಳಿಸುವುದಿಲ್ಲ, ಸುಮ್ನೆ ಮುಂದಿನ ಮನೆಗೆ ಹೋಗುತ್ತಾರೆ. ಆಗ ನೀವು ಸಿಯರ್ಸ್ ಕ್ಯಾಟಲಾಗಿನ ಕತೆ ಹೇಳಲು ಅವಕಾಶವೇ ಇರುವುದಿಲ್ಲ.

‘ಪ್ರೈಮರಿ ಬೆಡ್‌ರೂಮ್’ ಎನ್ನಬಹುದು. ನಿಮ್ಮ ಹ್ಯೂಸ್ಟನ್ ಪ್ರದೇಶದ ರಿಯಲ್ಟರ್‌ಗಳ ಸಂಘ 2020ರ ಜೂನ್‌ನಲ್ಲಿ ತನ್ನ ಲಿಸ್ಟಿಂಗ್ (ಮಾರಾಟದ ಮನೆಯ ವಿವರ ತುಂಬುವ) ನಮೂನೆಗಳಲ್ಲಿ ‘ಮಾಸ್ಟರ್’ ತೆಗೆದು ‘ಪ್ರೈಮರಿ’ ಹಾಕಿತು. ಹ್ಯೂಸ್ಟನ್‌ನಲ್ಲೇ ಬೆಳೆದ ಜಾರ್ಜ್ ಫ್ಲಾಯ್ಡ್ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಸತ್ತ ಮರುತಿಂಗಳು ಅದು. ಸಂಘ ಹಳೆಯ ಪದವನ್ನು ನಿಷೇಧಿಸಲಿಲ್ಲ. ವಿವರಣೆಯ ಜಾಗದಲ್ಲಿ ಏಜೆಂಟರು ತಮಗೆ ಬೇಕಾದ್ದನ್ನು ಬರೆಯಬಹುದು. ಆದರೆ ಮೇಲಿನ ಅಂಕಣದಲ್ಲಿ ಒಂದು ಪದ, ಕೆಳಗಿನ ವಿವರಣೆಯಲ್ಲಿ ಇನ್ನೊಂದು ಪದ ಇದ್ದರೆ ಓದುವವರಿಗೆ ಎರಡು ಕೋಣೆ ಇವೆಯೇನೋ ಎನಿಸುತ್ತದೆ. ಇದೊಂದೇ ಕಾರಣಕ್ಕೂ ಪ್ರೈಮರಿ ನಿಮಗೆ ಹೊಂದುತ್ತದೆ. ಅದರ ಕೊರತೆ ಎಂದರೆ, ಮೇಲೊಂದು ಕೆಳಗೊಂದು ದೊಡ್ಡ ಸೂಟ್ ಇರುವ ಮನೆಯಲ್ಲಿ ಯಾವುದು ಪ್ರೈಮರಿ ಎಂದು ಗೊಂದಲ. ಟೆಕ್ಸಸ್‌ನಲ್ಲಿ ತಂದೆತಾಯಿ ಜೊತೆಗಿರುವ ನಮ್ಮ ಮನೆಗಳಲ್ಲಿ ಇದು ಜಾಸ್ತಿ.

‘ಓನರ್ಸ್ ಸೂಟ್’ ಎನ್ನುವುದನ್ನು ಕೆಲವು ಬಿಲ್ಡರುಗಳು 2020ಕ್ಕೂ ಬಹಳ ಮೊದಲೇ ಹಿಡಿದರು. ನನಗೆ ಇದು ಒಪ್ಪುವುದಿಲ್ಲ. ಒಡೆತನದ ನೆನಪು ನೋವು ಕೊಡುತ್ತದೆ ಎಂದು ಒಂದು ಪದ ಬಿಟ್ಟು, ಒಡೆಯ ಎಂದೇ ಅರ್ಥವಿರುವ ಇನ್ನೊಂದನ್ನು ತಂದಂತಾಯಿತು. ‘ಮಾಸ್ಟರ್’ಗಾದರೂ ಮೇಷ್ಟ್ರ ಅರ್ಥ ಇದೆ, ‘ಓನರ್’ಗೆ ಒಂದೇ ಅರ್ಥ. ಬಾಡಿಗೆ ಮನೆಯಲ್ಲಂತೂ ಅದು ಹೊಂದುವುದೇ ಇಲ್ಲ. ಓನರ್ ಅಲ್ಲಿ ಮಲಗುವುದಿಲ್ಲ.

‘ಮೇನ್ ಬೆಡ್‌ರೂಮ್’ ಸರಳವಾಗಿದೆ. ಬ್ರಿಟನ್ನಿನ ಏಜೆಂಟರು ಅದನ್ನೂ ‘ಪ್ರಿನ್ಸಿಪಲ್ ಬೆಡ್‌ರೂಮ್’ ಎನ್ನುವುದನ್ನೂ ಬಳಸುತ್ತಾರೆ. ಸಾಫ್ಟ್‌ವೇರ್‌ನಲ್ಲಿರುವ ನಿಮ್ಮ ಪರಿಚಯದವರಿಗೆ ಈ ಬದಲಾವಣೆ ಗೊತ್ತೇ ಇರುತ್ತದೆ. ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ಕೋಡಿನ ಮೂಲ ಶಾಖೆಗೆ ‘ಮಾಸ್ಟರ್’ ಬದಲು ‘ಮೇನ್’ ಎನ್ನತೊಡಗಿತು. ಕೆಲವು ದಿನ ಗೊಣಗಾಟ ಆಯಿತು, ಆಮೇಲೆ ಕೈ ಒಗ್ಗಿಕೊಂಡಿತು. ಆದರೆ ನಿಮ್ಮ ಪ್ರದೇಶದ ನಮೂನೆಯಲ್ಲಿ ಈ ಪದ ಇಲ್ಲ.

ಕೊನೆಯ ದಾರಿ, ಹೆಸರನ್ನೇ ಬಿಟ್ಟು ಕೋಣೆ ಹೇಗಿದೆ ಎಂದು ಬರೆಯುವುದು. ‘ಕೆಳಮಹಡಿಯಲ್ಲಿ ದೊಡ್ಡ ಬೆಡ್‌ರೂಮ್, ಹಿತ್ತಲಿನ ಕಡೆ ಕಿಟಕಿ, ಪಕ್ಕದಲ್ಲೇ ಬಾತ್‌ರೂಮ್, ಎರಡು ಸಿಂಕ್.’ ನನಗೆ ಇಷ್ಟವಾದ ದಾರಿ ಇದು. ಉದ್ದವಾಗುತ್ತದೆ, ನಿಜ. ಅಕ್ಷರಗಳಿಗೆ ಮಿತಿ ಇರುವ ಕಡೆ ಕಷ್ಟ. ಆದರೆ ಮಂಡಿ ನೋವಿನ ಅತ್ತೆಯನ್ನು ಜೊತೆಗಿಟ್ಟುಕೊಂಡು ಮನೆ ಹುಡುಕುವವರಿಗೆ ಯಾವ ಪದಕ್ಕಿಂತಲೂ ‘ಕೆಳಮಹಡಿ’ ಎನ್ನುವುದೇ ಮುಖ್ಯ.

ಮನೆ ಮಾರುವವರ ಆತಂಕಕ್ಕೂ ಉತ್ತರ ಕೊಡಬೇಕಲ್ಲ. ಜನ ಹಳೆಯ ಪದವನ್ನೇ ಹುಡುಕುತ್ತಾರೆ ಎನ್ನುತ್ತಾರೆ ಅವರು. ಮಾತಿನಲ್ಲಿ ಹೌದು, ಇವತ್ತಿಗೂ ಬಹಳ ಜನ ಬಾಯಲ್ಲಿ ‘ಮಾಸ್ಟರ್’ ಎಂದೇ ಹೇಳುತ್ತಾರೆ. ಆದರೆ ಮನೆ ಸೋಸುವಾಗ ಅವರು ಒತ್ತುವುದು ಊರು, ಬೆಲೆ, ಬೆಡ್‌ರೂಮಿನ ಸಂಖ್ಯೆ, ಶಾಲೆ. ಒಂದು ಪದ ಬದಲಾಯಿತು ಎಂದು ಮನೆ ಮರೆಯಾಗುವುದಿಲ್ಲ. ಮನೆ ನೋಡಲು ಬಂದವರು ‘ಮಾಸ್ಟರ್ ಎಲ್ಲಿ?’ ಎಂದು ಕೇಳಿದರೆ ಅವರನ್ನು ತಿದ್ದಲು ಹೋಗಬೇಡಿ. ಕೋಣೆ ತೋರಿಸಿ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಾರಣವನ್ನು ಬೆಂಗಳೂರಿನ ಮೇಲೆ ಹಾಗೇ ಹೊರಿಸುವುದು ಸರಿಯಲ್ಲ. ಇಲ್ಲಿ ಆ ಪದ ಕೇಳಿದವರಿಗೆ ಗುಲಾಮಗಿರಿ ನೆನಪಾಗುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಇಂಥ ಕೋಣೆಯೇ ಇರಲಿಲ್ಲ. ಪಡಸಾಲೆ, ನಡುಮನೆ, ದೇವರಮನೆ, ಅಡುಗೆಮನೆ ಇದ್ದವು. ಮಲಗುವುದು ಹಾಸಿಗೆ ಬಿಚ್ಚಿದ ಕಡೆ. ‘ಮಾಸ್ಟರ್ ಬೆಡ್‌ರೂಮ್’ ನಮಗೆ ಅಪಾರ್ಟ್‌ಮೆಂಟಿನ ಜೊತೆ ಬಂತು. ವಾಸ್ತು ಹೇಳುವವರು ಅದನ್ನು ‘ಯಜಮಾನರ ಕೋಣೆ’ ಮಾಡಿ ನೈಋತ್ಯ ಮೂಲೆಗೆ ಕೂರಿಸಿದರು.

ಆದರೂ ನಿಮ್ಮ ತಮ್ಮನಿಗೆ ಹೇಳಿ, ಬಿಲ್ಡರ್ ಕೊಟ್ಟ ನಕ್ಷೆಯನ್ನು ಒಮ್ಮೆ ಪೂರ್ತಿ ನೋಡಲಿ. ದೊಡ್ಡ ಫ್ಲ್ಯಾಟ್‌ಗಳ ನಕ್ಷೆಯಲ್ಲಿ ಒಂದು ಕಡೆ ‘ಮಾಸ್ಟರ್ ಬೆಡ್‌ರೂಮ್’ ಎಂದಿರುತ್ತದೆ. ಇನ್ನೊಂದು ತುದಿಯಲ್ಲಿ, ಯುಟಿಲಿಟಿಯ ಪಕ್ಕ, ‘ಮೇಡ್ಸ್ ರೂಮ್’ ಅಥವಾ ‘ಸರ್ವೆಂಟ್ ರೂಮ್’. ಅಮೆರಿಕದಲ್ಲಿ 1920ರ ದಶಕದಲ್ಲಿ ಇದ್ದ ಜೋಡಿ ಅಲ್ಲಿ ಒಡೆದುಹೋಯಿತು. ಬೆಂಗಳೂರಿನಲ್ಲಿ ಅದು ಇವತ್ತಿಗೂ ಒಂದೇ ಕಾಗದದ ಮೇಲೆ ಇದೆ. ಇಲ್ಲಿ ನಾನು ಹೆಸರಿಗಿಂತ ಆ ಸಣ್ಣ ಕೋಣೆಯ ಅಳತೆ ನೋಡುತ್ತೇನೆ. ಅದಕ್ಕೆ ಕಿಟಕಿ ಇದೆಯೇ? ಫ್ಯಾನ್ ಹಾಕಲು ಜಾಗ ಇದೆಯೇ? ಕಾಲು ಚಾಚಿ ಮಲಗಬಹುದೇ? ಬಾತ್‌ರೂಮಿಗೆ ಬಾಗಿಲಿದೆಯೇ? ಮನೆ ಕೊಳ್ಳುವವರು ಮಾಸ್ಟರ್ ಬೆಡ್‌ರೂಮಿನ ಅಡಿಗಳನ್ನು ನಾಲ್ಕು ಸಲ ಅಳೆಯುತ್ತಾರೆ, ಇದನ್ನು ಕೇಳುವುದೇ ಇಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಮ್ಮ ತಮ್ಮ ಬಿಲ್ಡರನ್ನು ಈ ನಾಲ್ಕು ಪ್ರಶ್ನೆ ಕೇಳಲಿ.

ನಿಮ್ಮ ಜಾಹೀರಾತಿಗೆ ನನ್ನ ಸಲಹೆ ಇಷ್ಟು. ನಮೂನೆಯ ಅಂಕಣದಲ್ಲಿ ಇರುವಂತೆ ‘ಪ್ರೈಮರಿ’. ವಿವರಣೆಯಲ್ಲಿ ಒಮ್ಮೆ ಅದೇ ಪದ, ಉಳಿದಂತೆ ಕೋಣೆಯ ನೇರ ವರ್ಣನೆ. ಮನೆ ಮಾರುವವರು ಹಳೆಯ ಪದವೇ ಬೇಕು ಎಂದು ಹಟ ಹಿಡಿದರೆ ಕಾನೂನು ಅಡ್ಡ ಬರುವುದಿಲ್ಲ, ಆದರೆ ನಮೂನೆಗೂ ವಿವರಣೆಗೂ ತಾಳೆಯಾಗುವುದಿಲ್ಲ ಎಂದು ತಿಳಿಸಿ. ಹೆಚ್ಚಿನವರು ಆ ಮಾತಿಗೆ ಒಪ್ಪುತ್ತಾರೆ.